ನಿದ್ದೆಗಾಗಿ ತೇಲುವುದು: ಮೆಗ್ನೀಸಿಯಂ, ಎಪ್ಸಮ್ ಉಪ್ಪು ಮತ್ತು ಫ್ಲೋಟ್ ಥೆರಪಿಯ ಸಮಗ್ರ ಮಾರ್ಗದರ್ಶಿ

ಎಪ್ಸಮ್ ಉಪ್ಪೆಂಬ ಮೆಗ್ನೀಸಿಯಂ ಲವಣ ಕರಗಿಸಿದ ನೀರಿನ ತೊಟ್ಟಿಯಲ್ಲಿ, ಕತ್ತಲೆ ಮೌನದಲ್ಲಿ ಅಂಗಾತ ಮಲಗಿ ತೇಲುವುದಕ್ಕೆ ಫ್ಲೋಟ್ ಥೆರಪಿ ಎನ್ನುತ್ತಾರೆ. ಇದರ ಜಾಹೀರಾತುಗಳಲ್ಲಿ ಒಂದು ಮಾತು ತಪ್ಪದೆ ಇರುತ್ತದೆ. ಉಪ್ಪುನೀರಿನಲ್ಲಿ ತೇಲುವಾಗ ಮೆಗ್ನೀಸಿಯಂ ಚರ್ಮದ ಮೂಲಕ ಒಳಗಿಳಿಯುತ್ತದೆ, ನರಗಳನ್ನು ಸಡಿಲಿಸುತ್ತದೆ, ಅದರಿಂದ ನಿದ್ದೆ ಬರುತ್ತದೆ ಎಂದು. ಇದಕ್ಕೆ ಹೆಚ್ಚಿನವರು ಆಧಾರವಾಗಿ ತೋರಿಸುವುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ 19 ಜನರ ಮೇಲೆ ನಡೆದ ಪುಟ್ಟ ಪ್ರಯೋಗವನ್ನು. ಅದು ತಜ್ಞರು ಪರಿಶೀಲಿಸುವ ಯಾವ ವೈದ್ಯಕೀಯ ಪತ್ರಿಕೆಯಲ್ಲೂ ಪ್ರಕಟವಾಗಿಲ್ಲ. ನಮ್ಮ ಚರ್ಮದ ಹೊರಪದರ ಇರುವುದೇ ಹೊರಗಿನದನ್ನು ಹೊರಗೇ ತಡೆಯಲು. ನೀರಿನಲ್ಲಿ ಕರಗಿದ ಖನಿಜ ಬೆವರಿನ ಗ್ರಂಥಿ, ಕೂದಲ ಬುಡಗಳ ದಾರಿಯಲ್ಲಿ ಅಲ್ಪಸ್ವಲ್ಪ ನುಸುಳಬಹುದು. ದೇಹದ ಕೊರತೆ ತುಂಬುವಷ್ಟು ಹೋಗುತ್ತದೆ ಎಂದು ಯಾರೂ ಸಾಬೀತು ಮಾಡಿಲ್ಲ.

ಹಾಗೆಂದು ತೇಲುವುದರಿಂದ ಉಪಯೋಗವಿಲ್ಲ ಎಂದು ತಿಳಿಯಬಾರದು. ಸ್ವೀಡನ್ನಿನಲ್ಲಿ 65 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು 7 ವಾರಗಳಲ್ಲಿ 12 ಬಾರಿ ತೇಲಿಸಿ ನೋಡಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ತೇಲಿದವರಲ್ಲಿ ಒತ್ತಡ, ಆತಂಕ, ನೋವು ಇಳಿದವು, ನಿದ್ದೆಯ ಗುಣಮಟ್ಟ ಸುಧಾರಿಸಿತು. ಅಮೆರಿಕದ ಟಲ್ಸಾ ನಗರದ ಲಾರಿಯೇಟ್ ಮೆದುಳು ಸಂಶೋಧನಾ ಸಂಸ್ಥೆಯಲ್ಲಿ ಜಸ್ಟಿನ್ ಫೈನ್‌ಸ್ಟೈನ್ ತಂಡ ಆತಂಕದ ತೊಂದರೆಯಿದ್ದ 50 ಜನರನ್ನು ಒಂದು ಗಂಟೆ ತೇಲಿಸಿತು. 2018ರ ಅವರ ವರದಿಯ ಪ್ರಕಾರ ಆ ಒಂದೇ ಗಂಟೆಯಲ್ಲಿ ಆತಂಕ ಗಣನೀಯವಾಗಿ ಇಳಿದಿತ್ತು. ಹೋಲಿಸಿ ನೋಡಲು ತೇಲದ ರೋಗಿಗಳ ಗುಂಪು ಅದರಲ್ಲಿ ಇರಲಿಲ್ಲ ಎಂಬುದನ್ನೂ ನೆನಪಿಡಬೇಕು.

ಈ ಬರಹ ನಿಂತಿರುವುದು ಒಂದು ವಿಂಗಡಣೆಯ ಮೇಲೆ. ಮೆಗ್ನೀಸಿಯಂ ಬೇಕಿದ್ದರೆ ಅದು ಬಾಯಿಂದ, ಊಟದಿಂದ ಬರಬೇಕು. ತೊಟ್ಟಿ ಕೊಡುವುದು ಕತ್ತಲೆ, ಮೌನ, ಮೈಭಾರವಿಲ್ಲದ ಸ್ಥಿತಿ. ಎರಡನ್ನೂ ಅದರದರ ಜಾಗದಲ್ಲಿಟ್ಟು ಬಳಸಿದರೆ ದುಡ್ಡೂ ಉಳಿಯುತ್ತದೆ, ಫಲವೂ ಸಿಗುತ್ತದೆ.

ತೊಟ್ಟಿಯೊಳಗೆ ಏನಿರುತ್ತದೆ

ಇಂಥ ಮೊದಲ ತೊಟ್ಟಿಯನ್ನು 1954ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಜಾನ್ ಲಿಲ್ಲಿ ಕಟ್ಟಿದರು. ಹೊರಗಿನ ಸದ್ದು, ಬೆಳಕು, ಸ್ಪರ್ಶ ಎಲ್ಲವನ್ನೂ ಕಡಿತಗೊಳಿಸಿದರೆ ಮೆದುಳು ಏನು ಮಾಡುತ್ತದೆ ಎಂಬುದು ಅವರ ಪ್ರಶ್ನೆಯಾಗಿತ್ತು. ಆಗ ನಿದ್ದೆ, ನೆಮ್ಮದಿಯ ಮಾತೇ ಇರಲಿಲ್ಲ. ಉಪ್ಪುನೀರಿನಲ್ಲಿ ಅಂಗಾತ ಮಲಗುವ ಈಗಿನ ರೂಪ ಬಂದದ್ದು 1970ರ ದಶಕದಲ್ಲಿ.

ನೀರಿನ ಆಳ 25ರಿಂದ 30 ಸೆಂಟಿಮೀಟರ್ ಮಾತ್ರ. ಅದರಲ್ಲಿ ಎಪ್ಸಮ್ ಉಪ್ಪು, ಅಂದರೆ ಮೆಗ್ನೀಸಿಯಂ ಸಲ್ಫೇಟ್, ಕರಗಿರುತ್ತದೆ. ಪ್ರತಿ ಲೀಟರ್ ದ್ರಾವಣದಲ್ಲಿ ಸುಮಾರು 600 ಗ್ರಾಂ; ಒಂದು ತೊಟ್ಟಿಗೆ ಸುಮಾರು ಅರ್ಧ ಟನ್. ಈ ದ್ರಾವಣದ ಸಾಂದ್ರತೆ ಸಾದಾ ನೀರಿನ ಒಂದೂಕಾಲು ಪಟ್ಟು. ಈಜು ಬಾರದವರೂ ಇದರಲ್ಲಿ ತೇಲುತ್ತಾರೆ. ಮುಳುಗಬೇಕೆಂದರೂ ಮೈ ಮೇಲೇಳುತ್ತದೆ. ಅಡುಗೆ ಉಪ್ಪಿನ ಬದಲು ಎಪ್ಸಮ್ ಉಪ್ಪನ್ನು ಬಳಸುವುದಕ್ಕೆ ಕಾರಣ, ಅದು ನೀರಿನಲ್ಲಿ ಹೆಚ್ಚು ಕರಗುತ್ತದೆ ಮತ್ತು ಚರ್ಮವನ್ನು ಅಷ್ಟು ಉರಿಸುವುದಿಲ್ಲ.

ನೀರಿನ ಬಿಸಿ 34.5ರಿಂದ 35.5 ಡಿಗ್ರಿ ಸೆಲ್ಸಿಯಸ್. ಇದು ಚರ್ಮದ ಮೇಲ್ಮೈಯ ಬಿಸಿಗೆ ಹತ್ತಿರ. ಅಲುಗಾಡದೆ ಮಲಗಿ ಹತ್ತು ನಿಮಿಷವಾದರೆ ನೀರು ಎಲ್ಲಿ ಮುಗಿಯಿತು, ಮೈ ಎಲ್ಲಿ ಶುರುವಾಯಿತು ಎಂಬುದು ಗೊತ್ತಾಗುವುದಿಲ್ಲ. ಫ್ಲೋಟಿನ ಕೆಲಸವೆಲ್ಲ ನಿಂತಿರುವುದು ಈ ಒಂದು ಡಿಗ್ರಿಯ ಮೇಲೆ. 33ಕ್ಕೆ ಇಳಿದರೆ ಚಳಿಯಾಗಿ ಮೈ ಬಿಗಿಯುತ್ತದೆ, 37 ದಾಟಿದರೆ ಹಣೆ ಬೆವರಿ ಚಡಪಡಿಕೆ ಶುರುವಾಗುತ್ತದೆ.

ಕೇಂದ್ರಕ್ಕೆ ಹಣ ಕಟ್ಟುವ ಮುನ್ನ

ನಮ್ಮಲ್ಲಿ ಫ್ಲೋಟ್ ಕೇಂದ್ರಗಳಿರುವುದು ದೊಡ್ಡ ನಗರಗಳಲ್ಲಿ, ಅದೂ ಬೆರಳೆಣಿಕೆಯಷ್ಟು. ಆಯ್ಕೆ ಕಡಿಮೆ ಎಂದು ಕೇಳಬೇಕಾದ್ದನ್ನು ಕೇಳದೆ ಬಿಡಬೇಡಿ. ಒಬ್ಬರು ಹೋಗಿ ಇನ್ನೊಬ್ಬರು ಬರುವ ಮಧ್ಯೆ ನೀರು ಎಷ್ಟು ಸಲ ಫಿಲ್ಟರಿನ ಮೂಲಕ ಹಾಯುತ್ತದೆ ಎಂದು ಕೇಳಿ. ತೊಟ್ಟಿಯ ಪೂರ್ತಿ ನೀರು ಕನಿಷ್ಠ ಮೂರು ಸುತ್ತು ಹಾದಿರಬೇಕು. ಜೊತೆಗೆ ಯುವಿ ದೀಪ, ಓಝೋನ್ ಅಥವಾ ಹೈಡ್ರೋಜನ್ ಪೆರಾಕ್ಸೈಡ್‌ನಂಥ ಸೋಂಕುನಿವಾರಕ ವ್ಯವಸ್ಥೆ ಇರಬೇಕು. "ಇಷ್ಟು ಉಪ್ಪಿನಲ್ಲಿ ಯಾವ ಕ್ರಿಮಿಯೂ ಬದುಕುವುದಿಲ್ಲ" ಎಂಬ ಉತ್ತರ ಬಂದರೆ ಆ ಕೇಂದ್ರ ಬೇಡ. ಗಟ್ಟಿ ಉಪ್ಪುನೀರು ಅನೇಕ ಸೂಕ್ಷ್ಮಜೀವಿಗಳ ಬೆಳವಣಿಗೆ ತಡೆಯುತ್ತದೆ ನಿಜ, ಎಲ್ಲವನ್ನೂ ಅಲ್ಲ.

ತೊಟ್ಟಿಯ ಬಾಗಿಲಿಗೆ ಒಳಗಿನಿಂದಾಗಲಿ ಹೊರಗಿನಿಂದಾಗಲಿ ಚಿಲಕ ಇರಕೂಡದು. ದೀಪದ ಗುಂಡಿ, ಸಿಬ್ಬಂದಿಯನ್ನು ಕರೆಯುವ ಗುಂಡಿ ಎರಡೂ ಮಲಗಿದಲ್ಲಿಂದಲೇ ಕೈಗೆ ಸಿಗಬೇಕು. ಸ್ನಾನದ ಜಾಗ ಅದೇ ಕೋಣೆಯೊಳಗೆ ಇರಬೇಕು.

ಯಾರು ಹೋಗಬಾರದು ಎಂಬುದನ್ನೂ ಇಲ್ಲೇ ಹೇಳಬೇಕು. ಹಿಡಿತಕ್ಕೆ ಬಾರದ ಮೂರ್ಛೆರೋಗ, ಭ್ರಮೆ ಹುಟ್ಟಿಸುವ ಮಾನಸಿಕ ಕಾಯಿಲೆ, ಕಿವಿತಮಟೆಯಲ್ಲಿ ತೂತು, ವಾಸಿಯಾಗದ ಗಾಯ, ಭೇದಿ ಅಥವಾ ಚರ್ಮದ ಸೋಂಕು ಇದ್ದವರಿಗೆ ತೊಟ್ಟಿ ಬೇಡ. ಕುಡಿದಿದ್ದರೆ ಖಂಡಿತ ಬೇಡ. ರಕ್ತದೊತ್ತಡ ಕಡಿಮೆ ಇರುವವರು, ಮೂತ್ರಪಿಂಡದ ಕಾಯಿಲೆಯವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಹೋಗಬೇಕು.

ಹೋಗುವ ದಿನದ ತಯಾರಿ

ಹಿಂದಿನ ದಿನದಿಂದಲೇ ಶೇವಿಂಗ್, ವ್ಯಾಕ್ಸಿಂಗ್ ನಿಲ್ಲಿಸಿ. ಕಣ್ಣಿಗೆ ಕಾಣದ ಗೀರಿಗೂ ಈ ನೀರು ಚುರ್ರೆನ್ನಿಸುತ್ತದೆ, ಆ ಉರಿಯಲ್ಲೇ ಅರ್ಧ ಹೊತ್ತು ಕಳೆದುಹೋಗುತ್ತದೆ. ಕೂದಲಿಗೆ ಬಣ್ಣ ಹಾಕಿಸಿದ್ದರೆ ತೊಳೆದಾಗ ನೀರು ತಿಳಿಯಾಗಿ ಬರುವವರೆಗೆ ಕಾಯಿರಿ. ಹಚ್ಚೆ ಹಾಕಿಸಿದ್ದರೆ ಆ ಗಾಯ ಪೂರ್ತಿ ಮಾಯಬೇಕು. ಎಣ್ಣೆಸ್ನಾನ ಮಾಡಿದ ದಿನ ಫ್ಲೋಟ್ ಬೇಡ. ಸೀಗೆಪುಡಿ ಹಾಕಿ ಎಷ್ಟು ತಿಕ್ಕಿದರೂ ಉಳಿದ ಜಿಡ್ಡು ನೀರಿನ ಮೇಲೆ ಪದರಗಟ್ಟುತ್ತದೆ, ಫಿಲ್ಟರನ್ನೂ ಕಟ್ಟಿಸುತ್ತದೆ.

ಕಾಫಿ, ಟೀ ಕುಡಿದು ಐದಾರು ಗಂಟೆಯಾಗಿರಲಿ. ಹೊಟ್ಟೆ ಖಾಲಿಯಿದ್ದರೆ ಆ ಮೌನದಲ್ಲಿ ಅದರ ಗುರುಗುಟ್ಟುವಿಕೆಯೇ ದೊಡ್ಡದಾಗಿ ಕೇಳುತ್ತದೆ, ತುಂಬಿದ್ದರೆ ಅಂಗಾತ ಮಲಗಿದಾಗ ಹುಳಿತೇಗು ಬರುತ್ತದೆ. ಒಂದೂವರೆ ಗಂಟೆ ಮೊದಲು ಎರಡು ಇಡ್ಲಿಯೋ ಬಾಳೆಹಣ್ಣೋ ತಿಂದರೆ ಸಾಕು. ನಿದ್ದೆಯೇ ಗುರಿಯಾಗಿದ್ದರೆ ಸಂಜೆ 5ರಿಂದ 7ರ ನಡುವಿನ ಹೊತ್ತನ್ನು ಆರಿಸಿ. ತೊಟ್ಟಿಯಿಂದ ಬಂದವರು ಒಂದೆರಡು ಗಂಟೆ ಚುರುಕಾಗಿರುವುದುಂಟು, ಹಾಗಾಗಿ ಮಲಗುವ ಹೊತ್ತಿಗೆ ತೀರ ಹತ್ತಿರ ಮಾಡಬೇಡಿ.

ತೊಟ್ಟಿಯಲ್ಲಿ ಒಂದು ಗಂಟೆ, ಹಂತ ಹಂತವಾಗಿ

1. ಶೌಚ ಮುಗಿಸಿ. ಕನ್ನಡಕ, ಕಾಂಟ್ಯಾಕ್ಟ್ ಲೆನ್ಸ್, ಸರ, ಉಂಗುರ, ಕಾಲ್ಗೆಜ್ಜೆ ತೆಗೆದಿಡಿ. ಬೆಳ್ಳಿ ಕಪ್ಪಾಗುವುದಷ್ಟೇ ಅಲ್ಲ, ಕುತ್ತಿಗೆಯ ಸರ ನೀರಿನಲ್ಲಿ ಅಲುಗಿ ಪದೇ ಪದೇ ಗಮನ ಎಳೆಯುತ್ತದೆ.

2. ಕಿವಿಗೆ ಸಿಲಿಕೋನ್ ಅಥವಾ ಮೇಣದ ಬಿರಡೆಯನ್ನು ಸ್ನಾನಕ್ಕೆ ಮೊದಲೇ, ಕಿವಿ ಒಣಗಿರುವಾಗಲೇ ಒತ್ತಿಕೊಳ್ಳಿ. ಒದ್ದೆ ಕಿವಿಗೆ ಅದು ಅಂಟುವುದಿಲ್ಲ, ಹದಿನೈದು ನಿಮಿಷದಲ್ಲಿ ಜಾರಿ ಉಪ್ಪುನೀರು ಒಳಹೋಗುತ್ತದೆ. ಒಣಗಿದ ಮೇಲೆ ಆ ಉಪ್ಪು ಕಿವಿಯಲ್ಲಿ ಹರಳುಗಟ್ಟಿ ತುರಿಕೆ ತರುತ್ತದೆ.

3. ಸೋಪು, ಶಾಂಪೂ ಹಾಕಿ ಪೂರ್ತಿ ಸ್ನಾನ. ಕಂಡಿಷನರ್, ಲೋಷನ್ ಬೇಡ. ಗೀರು ಇದ್ದಲ್ಲಿ ಚೂರು ಪೆಟ್ರೋಲಿಯಂ ಜೆಲ್ಲಿ ಹಚ್ಚಿ.

4. ಮುಖವನ್ನು ಟವೆಲ್ಲಿನಿಂದ ಚೆನ್ನಾಗಿ ಒಣಗಿಸಿ. ಇದನ್ನು ಬಿಡುವವರೇ ಹೆಚ್ಚು. ಕೂದಲಂಚಿನಿಂದ ಒಂದು ಹನಿ ಹಣೆಯ ಮೇಲೆ ಇಳಿದರೆ ಒರೆಸಲು ಕೈ ತಾನಾಗಿ ಏಳುತ್ತದೆ, ಕೈಯಲ್ಲಿದ್ದ ಉಪ್ಪುನೀರು ಕಣ್ಣಿಗೆ ಬೀಳುತ್ತದೆ. ಒಳಗೆ ಹೋದ ಮೇಲೆ ಮುಖ ಮುಟ್ಟುವಂತಿಲ್ಲ. ಒಣ ಟವೆಲ್ ಮತ್ತು ಸಿಹಿನೀರಿನ ಸ್ಪ್ರೇ ಬಾಟಲಿ ಕೈಗೆಟುಕುವಂತಿರಲಿ. ಕಣ್ಣಿಗೆ ಬಿದ್ದರೆ ಉಜ್ಜದೆ ಎದ್ದು ಕೂತು ಸಿಹಿನೀರು ಚಿಮುಕಿಸಿ. ಒಂದೆರಡು ನಿಮಿಷದಲ್ಲಿ ಉರಿ ಇಳಿಯುತ್ತದೆ.

5. ಹಿಡಿ ಹಿಡಿದು ನಿಧಾನ ಇಳಿಯಿರಿ, ನೆಲ ತುಂಬ ಜಾರುತ್ತದೆ. ಮೊದಲು ಕೂತು, ಮೊಣಕೈ ಊರಿ, ಬೆನ್ನನ್ನು ಹಿಂದಕ್ಕೆ ಬಿಡಿ. ಸೊಂಟ ತಾನೇ ಮೇಲೇಳುತ್ತದೆ.

6. ಕುತ್ತಿಗೆಯನ್ನು ಬಿಡುವುದೇ ಎಲ್ಲಕ್ಕಿಂತ ಕಷ್ಟ. ತಲೆ ಮುಳುಗೀತೆಂಬ ಹೆದರಿಕೆಗೆ ಕುತ್ತಿಗೆಯ ಸ್ನಾಯುಗಳು ಬಿಗಿಹಿಡಿದೇ ಇರುತ್ತವೆ. ಹೊರಬಂದ ಮೇಲೆ ಕುತ್ತಿಗೆ ನೋವು ಎನ್ನುವವರ ಕತೆ ಹೆಚ್ಚಾಗಿ ಇದೇ. ಗದ್ದವನ್ನು ಒಂದಿಷ್ಟು ಮೇಲೆತ್ತಿ, ಕಿವಿ ಎರಡೂ ನೀರಿನೊಳಗೆ ಹೋಗಲಿ. ನೀರು ಕೆನ್ನೆಯಂಚಿಗೆ ಬಂದು ನಿಲ್ಲುತ್ತದೆ, ಮೂಗು ಬಾಯಿಗೆ ಬರುವುದಿಲ್ಲ. ಆದರೂ ಬಿಗಿತ ಹೋಗದಿದ್ದರೆ ತಲೆಗೆ ಆಸರೆಯಾಗುವ ರಿಂಗನ್ನು ಕೇಂದ್ರದಲ್ಲಿ ಕೇಳಿ ಪಡೆಯಿರಿ. ಕೈಗಳನ್ನು ಪಕ್ಕದಲ್ಲಿ ಬಿಟ್ಟಾಗ ಭುಜ ಹಿಡಿದಂತಾದರೆ ಶರಣಾದವರಂತೆ ತಲೆಯ ಮೇಲ್ಗಡೆಗೆ ಚಾಚಿ.

7. ಮೈ ಗೋಡೆಗೆ ತಾಗುತ್ತಿದ್ದರೆ ಬೆರಳಿನಿಂದ ಎರಡೂ ಬದಿ ಮುಟ್ಟಿ ನಡುವೆ ನಿಲ್ಲಿಸಿ, ಅಲೆ ಅಡಗುವವರೆಗೆ ಅಲುಗಬೇಡಿ. ಮೊದಲ ಸಲ ಬಾಗಿಲು ಅರ್ಧ ತೆರೆದು, ಮಂದ ದೀಪ ಇಟ್ಟುಕೊಂಡೇ ಶುರುಮಾಡಿ. ಹೆದರಿಕೆ ಇಲ್ಲವೆನಿಸಿದ ಮೇಲೆ ದೀಪ ಆರಿಸಿ. ಒತ್ತಾಯದಿಂದ ಕತ್ತಲಲ್ಲಿ ಕೂರುವುದರಿಂದ ಒತ್ತಡ ಏರುತ್ತದೆಯೇ ಹೊರತು ಇಳಿಯುವುದಿಲ್ಲ.

8. ಮೊದಲ 15-20 ನಿಮಿಷ ಮನಸ್ಸು ಆಫೀಸು, ಸಾಲದ ಕಂತು, ಮಕ್ಕಳ ಪರೀಕ್ಷೆ ಎಂದು ಓಡಾಡುತ್ತದೆ. ತಡೆಯಲು ಹೋಗಬೇಡಿ. ಉಸಿರನ್ನು ನಾಲ್ಕು ಎಣಿಸುವಷ್ಟು ಒಳಗೆಳೆದು ಆರು ಎಣಿಸುವಷ್ಟು ಹೊರಬಿಡುತ್ತ ಹೋಗಿ. ಸ್ವಲ್ಪ ಹೊತ್ತಿಗೆ ಎಣಿಕೆ ತಾನೇ ತಪ್ಪುತ್ತದೆ. ತಪ್ಪಿದರೆ ಒಳ್ಳೆಯದು, ಮತ್ತೆ ಹಿಡಿಯಬೇಡಿ. ನಿದ್ದೆ ಬಂದರೂ ಭಯವಿಲ್ಲ, ಇಷ್ಟು ಗಟ್ಟಿ ನೀರಿನಲ್ಲಿ ಮಲಗಿದವರು ಮಗ್ಗುಲಾಗುವುದು ಸುಲಭವಲ್ಲ.

9. ಓಕರಿಕೆ ಬಂದಂತಾದರೆ ಮೈ ಸದ್ದಿಲ್ಲದೆ ತೇಲಾಡುತ್ತಿದೆ ಎಂದರ್ಥ. ಕಾಲ್ಬೆರಳನ್ನು ಗೋಡೆಗೆ ತಾಗಿಸಿ ಮೈಯನ್ನು ಅಲುಗದಂತೆ ನಿಲ್ಲಿಸಿ. ಹೋಗದಿದ್ದರೆ ಎದ್ದು ಬನ್ನಿ.

10. ಹೊತ್ತು ಮುಗಿದಾಗ ಮೊದಲು ಕೂತು ಒಂದು ನಿಮಿಷ ಕಳೆಯಿರಿ. ತೇಲುವಾಗ ರಕ್ತದೊತ್ತಡ ಇಳಿದಿರುತ್ತದೆ. ಸರಕ್ಕನೆ ಎದ್ದರೆ ತಲೆ ಸುತ್ತಿ ಜಾರುವ ನೆಲದಲ್ಲಿ ಬೀಳಬಹುದು.

ಸ್ನಾನ ಮಾಡಿ, ಕೂದಲಿಗೆ ಎರಡು ಸಲ ಶಾಂಪೂ ಹಾಕಿ. ಬಿರಡೆ ತೆಗೆದ ಮೇಲೆ ತಲೆ ವಾಲಿಸಿ ಉಗುರುಬೆಚ್ಚಗಿನ ಸಿಹಿನೀರಿನಿಂದ ಹೊರಕಿವಿಯನ್ನು ತೊಳೆಯಿರಿ. ತಕ್ಷಣ ಫೋನ್ ತೆರೆಯುವುದು, ಸಿಗ್ನಲ್ ಸಿಗ್ನಲಿಗೂ ಹಾರ್ನ್ ಕೇಳುತ್ತ ಗಾಡಿ ಓಡಿಸುವುದು ಗಳಿಸಿದ್ದನ್ನೆಲ್ಲ ದಾರಿಯಲ್ಲೇ ಚೆಲ್ಲಿದಂತೆ. ಕಾಲು ಗಂಟೆ ಕೂತು, ನೀರು ಕುಡಿದು ಹೊರಡಿ.

ಮೊದಲ ಸಲ ಹೋದಾಗ ಬಹುಪಾಲು ಹೊತ್ತು ಹೊಸ ಜಾಗಕ್ಕೆ ಒಗ್ಗಿಕೊಳ್ಳುವುದರಲ್ಲೇ ಹೋಗುತ್ತದೆ. ಅದನ್ನಷ್ಟೇ ನೋಡಿ ತೀರ್ಮಾನಿಸಬೇಡಿ. ಮೂರು ವಾರದಲ್ಲಿ ಮೂರು ಸಲ ಮಾಡಿ, ಮಲಗಿದ್ದು ಎಷ್ಟಕ್ಕೆ, ನಿದ್ದೆ ಹತ್ತಿದ್ದು ಸುಮಾರು ಎಷ್ಟಕ್ಕೆ, ರಾತ್ರಿ ಎಷ್ಟು ಸಲ ಎಚ್ಚರ ಎಂದು ಬರೆದಿಡಿ. ವ್ಯತ್ಯಾಸ ಕಾಣದಿದ್ದರೆ ದೊಡ್ಡ ಪ್ಯಾಕೇಜಿಗೆ ದುಡ್ಡು ಹಾಕುವ ಅಗತ್ಯವಿಲ್ಲ.

ತೊಟ್ಟಿಯಿಲ್ಲದ ಊರಿನಲ್ಲಿ: ಬಿಸಿನೀರಿನಲ್ಲಿ ಕಾಲು

ಮನೆಯ ಬಾತ್‌ಟಬ್ಬಿನಲ್ಲೇ ತೇಲೋಣ ಎಂದು ಹೊರಟರೆ 150 ಲೀಟರಿಗೆ ಸುಮಾರು 90 ಕೆಜಿ ಉಪ್ಪು ಬೇಕು. ಅದನ್ನು ಬಿಡಿ. ನಿದ್ದೆಯ ಮಟ್ಟಿಗೆ ಒಂದು ಪ್ಲಾಸ್ಟಿಕ್ ಟಬ್ಬಿನಿಂದಲೇ ಒಳ್ಳೆಯ ಫಲ ಪಡೆಯಬಹುದು, ಕೆಲಸ ಮಾಡುವ ದಾರಿ ಮಾತ್ರ ಬೇರೆ.

ನಿದ್ದೆ ಹತ್ತಬೇಕಾದರೆ ದೇಹದ ಒಳಗಿನ ಬಿಸಿ ಸ್ವಲ್ಪ ಇಳಿಯಬೇಕು. ಬಿಸಿನೀರು ಕೈಕಾಲುಗಳ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಒಳಗಿನ ಶಾಖ ಅಂಗಾಲು ಅಂಗೈಗಳ ಮೂಲಕ ಹೊರಹೋಗುತ್ತದೆ. ಟೆಕ್ಸಾಸ್ ವಿಶ್ವವಿದ್ಯಾಲಯದವರು 2019ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಮಲಗುವ ಒಂದೆರಡು ಗಂಟೆ ಮೊದಲು 40ರಿಂದ 42.5 ಡಿಗ್ರಿ ನೀರಿನಲ್ಲಿ ಹತ್ತು ನಿಮಿಷ ಸ್ನಾನ ಮಾಡಿದರೂ, ಕಾಲು ನೆನೆಸಿದರೂ ನಿದ್ದೆ ಬೇಗ ಹತ್ತುವುದು ಕಂಡುಬಂತು. ಅದರಲ್ಲಿ ಉಪ್ಪಿನ ಪಾತ್ರವಿಲ್ಲ, ಬಿಸಿಯದ್ದೇ ಪಾತ್ರ.

ಕಣಕಾಲು ಮುಳುಗಿ ನಾಲ್ಕು ಬೆರಳು ಮೇಲೆ ಬರುವಷ್ಟು ಆಳದ ಟಬ್ಬಿಗೆ ಸುಮಾರು 10 ಲೀಟರ್ ನೀರು ಹಿಡಿಯುತ್ತದೆ. ಮೊದಲು ನಲ್ಲಿ ನೀರು, ಆಮೇಲೆ ಕುದಿನೀರು. ಬೆಂಗಳೂರಿನ ಸಾಮಾನ್ಯ ದಿನಗಳಲ್ಲಿ ಕುದಿಯುವ ನೀರು ಒಂದು ಪಾಲಿಗೆ ನಲ್ಲಿ ನೀರು ಮೂರೂವರೆ ಪಾಲು ಹಾಕಿದರೆ ಸುಮಾರು 41 ಡಿಗ್ರಿ ಬರುತ್ತದೆ. ಡಿಸೆಂಬರ್ ಚಳಿಯಲ್ಲಿ ಎರಡೂಮುಕ್ಕಾಲು ಪಾಲು, ಮಂಗಳೂರಿನ ಸೆಕೆಯಲ್ಲಿ ನಾಲ್ಕೂವರೆ ಪಾಲು. ಒಂದು ಅಗ್ಗದ ಥರ್ಮಾಮೀಟರ್ ಇಟ್ಟುಕೊಂಡರೆ ಊಹೆಯ ಕೆಲಸವೇ ಇಲ್ಲ.

ಎಪ್ಸಮ್ ಉಪ್ಪು ಹಾಕಬೇಕೆನಿಸಿದರೆ 250 ಗ್ರಾಂ ಸಾಕು. ಐ.ಪಿ. (ಇಂಡಿಯನ್ ಫಾರ್ಮಕೋಪಿಯಾ, ಅಂದರೆ ಔಷಧಿಯ ಗುಣಮಟ್ಟದ) ದರ್ಜೆಯದನ್ನು ಔಷಧಿ ಅಂಗಡಿಯಲ್ಲಿ ಕೊಳ್ಳಿ. ಅಡಿಕೆ, ತೆಂಗಿನ ತೋಟಕ್ಕೆಂದು ಗೊಬ್ಬರದಂಗಡಿಯಲ್ಲಿ ಸಿಗುವ ಮೆಗ್ನೀಸಿಯಂ ಸಲ್ಫೇಟ್ ರಾಸಾಯನಿಕವಾಗಿ ಇದೇ ಆದರೂ ಅದರ ಶುದ್ಧತೆಯ ಅಳತೆ ಗಿಡಕ್ಕೆ ತಕ್ಕದ್ದು, ಮೈಗಲ್ಲ. ಯಾವ ದರ್ಜೆಯದಾಗಲಿ, ವೈದ್ಯರು ಹೇಳದೆ ಕುಡಿಯಬೇಡಿ. ಇದು ಬಲವಾದ ಭೇದಿ ಔಷಧ. ಹೆಚ್ಚು ಹೊಟ್ಟೆಗೆ ಹೋಗಿ ಪ್ರಾಣ ಹೋದ ಪ್ರಕರಣಗಳಿವೆ.

ಮಲಗುವ ಒಂದೂವರೆ ಗಂಟೆ ಮೊದಲು 15 ನಿಮಿಷ ಕಾಲಿಡಿ. ನೀರು ಬೇಗ ಆರುತ್ತದೆ, ಪಕ್ಕದಲ್ಲಿ ಫ್ಲಾಸ್ಕಿನಲ್ಲಿ ಬಿಸಿನೀರು ಇರಲಿ. ಸುರಿಯುವಾಗ ಕಾಲು ಹೊರಗೆ ತೆಗೆಯಿರಿ. ಮುಗಿದ ಮೇಲೆ ಸಾದಾ ನೀರಿನಲ್ಲಿ ತೊಳೆದು, ಬೆರಳ ಸಂದು ಒರೆಸಿ. ತಕ್ಷಣ ದಪ್ಪ ಕಾಲುಚೀಲ ಹಾಕಿ ಕಂಬಳಿ ಹೊದೆಯಬೇಡಿ, ಶಾಖ ಹೊರಹೋಗಬೇಕು. ಬಳಿಕ ಅರ್ಧ ಗಂಟೆ ಕತ್ತಲೆ ಕೋಣೆಯಲ್ಲಿ ಮಂಡಿಯ ಕೆಳಗೆ ದಿಂಬಿಟ್ಟು, ಕಿವಿಗೆ ಬಿರಡೆ ಹಾಕಿ ಸುಮ್ಮನೆ ಮಲಗಿ. ತೊಟ್ಟಿ ಕೊಡುವುದರಲ್ಲಿ ಮನೆಯಲ್ಲಿ ಸಿಗುವ ಪಾಲು ಇದು, ದಿನವೂ ಮಾಡಬಹುದು.

ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಇದು ಬೇಡವೇ ಬೇಡ. ಬಿಸಿ ಗೊತ್ತಾಗದೆ ಸುಟ್ಟ ಗಾಯ ಹುಣ್ಣಾಗಿ, ಬೆರಳು ತೆಗೆಯುವವರೆಗೂ ಹೋಗಬಹುದು.

ಮೆಗ್ನೀಸಿಯಂ ತಟ್ಟೆಯಲ್ಲಿರಲಿ

ವಯಸ್ಕ ಗಂಡಸಿಗೆ ದಿನಕ್ಕೆ 400-420 ಮಿಲಿಗ್ರಾಂ, ಹೆಂಗಸಿಗೆ 310-320 ಮಿಲಿಗ್ರಾಂ ಬೇಕೆಂಬುದು ಅಮೆರಿಕದ ಅಳತೆ. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ 100 ಗ್ರಾಮಿಗೆ ಸಿಗುವುದು ಸುಮಾರು 20 ಮಿಲಿಗ್ರಾಂ. ರಾಗಿಯಲ್ಲಿ ಸುಮಾರು 140. ಈ ಒಂದು ಅಂತರದಲ್ಲೇ ನಮ್ಮ ಊಟ ಎಲ್ಲಿ ಬಡವಾಯಿತು ಎಂಬುದು ಕಾಣುತ್ತದೆ. 100 ಗ್ರಾಂ ಹಿಟ್ಟಿನ ಮುದ್ದೆ, 30 ಗ್ರಾಂ ಕುಂಬಳಬೀಜ ಸೇರಿದರೆ 300ರ ಹತ್ತಿರ ಬಂತು. ಒಂದು ದೊಡ್ಡ ಚಮಚ ಎಳ್ಳಿನ ಚಟ್ನಿಪುಡಿಯಲ್ಲಿ ಇನ್ನೊಂದು 30 ಮಿಲಿಗ್ರಾಂ. ಹುರುಳಿ, ಹರಿವೆ, ಪಾಲಕ್ ಎಲ್ಲವೂ ಒಳ್ಳೆಯವು. ಸೊಪ್ಪು ಬೇಯಿಸಿ ನೀರು ಚೆಲ್ಲಿದರೆ ಮೆಗ್ನೀಸಿಯಂನ ಒಂದು ಪಾಲು ಆ ನೀರಿನೊಡನೆ ಹೋಗುತ್ತದೆ; ಬಸ್ಸಾರಿನಲ್ಲಿ ಬಸಿದ ಕಟ್ಟೇ ಸಾರಾಗುವುದರಿಂದ ಏನೂ ಪೋಲಾಗುವುದಿಲ್ಲ. ಹುರುಳಿಯನ್ನು ನೆನೆಸಿ ಮೊಳಕೆ ಬರಿಸಿದರೆ, ಖನಿಜವನ್ನು ಹಿಡಿದಿಡುವ ಫೈಟೇಟ್ ಕಡಿಮೆಯಾಗುತ್ತದೆ.

ಮಾತ್ರೆಯ ಬಗ್ಗೆ ಸಾಕ್ಷ್ಯ ಅಷ್ಟು ಗಟ್ಟಿಯಿಲ್ಲ. ಹಿರಿಯರ ಮೇಲೆ ನಡೆದ ಮೂರು ಪ್ರಯೋಗಗಳ, ಒಟ್ಟು 151 ಜನರ ಲೆಕ್ಕ ತೆಗೆದ 2021ರ ವಿಶ್ಲೇಷಣೆಯಲ್ಲಿ ನಿದ್ದೆ ಹತ್ತುವ ಹೊತ್ತು ಸರಾಸರಿ 17 ನಿಮಿಷ ಕಡಿಮೆಯಾಗಿತ್ತು. ಆ ಪ್ರಯೋಗಗಳ ಗುಣಮಟ್ಟ ಕಡಿಮೆಯೆಂದು ವಿಶ್ಲೇಷಕರೇ ಹೇಳಿದ್ದಾರೆ. ನೋಡಬೇಕೆಂದರೆ ಲೇಬಲ್ಲಿನಲ್ಲಿ 'ಎಲಿಮೆಂಟಲ್' ಮೆಗ್ನೀಸಿಯಂ ಎಷ್ಟೆಂದು ಹುಡುಕಿ. 500 ಮಿಲಿಗ್ರಾಂ ಗ್ಲೈಸಿನೇಟ್ ಎಂದು ಬರೆದಿದ್ದರೂ ಅದರೊಳಗಿನ ಮೆಗ್ನೀಸಿಯಂ ಸುಮಾರು 70 ಮಿಲಿಗ್ರಾಂ ಮಾತ್ರ ಇರಬಹುದು. ಆಕ್ಸೈಡ್ ರೂಪದಲ್ಲಿ ಅಂಕಿ ದೊಡ್ಡದು, ಮೈಗೆ ಹತ್ತುವುದು ಕಡಿಮೆ, ಹೊಟ್ಟೆ ಕೆಡುವುದು ಹೆಚ್ಚು. ರಾತ್ರಿ ಊಟದ ಜೊತೆ 100 ಮಿಲಿಗ್ರಾಂನಿಂದ ಶುರುಮಾಡಿ, ವಾರದ ನಂತರ ಬೇಕಾದರೆ 200. ಮಾತ್ರೆಗಳಿಂದ ದಿನಕ್ಕೆ 350 ದಾಟಬಾರದು. ಎದೆಯುರಿಗೆ ಕುಡಿಯುವ ಕೆಲವು ಆಂಟಾಸಿಡ್‌ಗಳಲ್ಲೂ ಮೆಗ್ನೀಸಿಯಂ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಬೇಕು. ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್‌ನಂಥ ಆಂಟಿಬಯಾಟಿಕ್‌ಗಳ ಜೊತೆಗೂ ಒಟ್ಟಿಗೆ ನುಂಗಬಾರದು, ಔಷಧಿ ಹೀರಿಕೊಳ್ಳುವುದು ಕುಂದುತ್ತದೆ. ಮೂತ್ರಪಿಂಡ ದುರ್ಬಲವಾಗಿದ್ದರೆ ಹೆಚ್ಚಾದ ಮೆಗ್ನೀಸಿಯಂ ಹೊರಹೋಗದೆ ರಕ್ತದಲ್ಲೇ ಉಳಿದು ಹೃದಯದ ಬಡಿತವನ್ನೇ ತಪ್ಪಿಸಬಹುದು, ಅಂಥವರು ವೈದ್ಯರಿಲ್ಲದೆ ಮುಟ್ಟಬಾರದು.

ಕೆಲವು ನಿದ್ರಾಹೀನತೆಗೆ ತೊಟ್ಟಿಯೂ ಉಪ್ಪೂ ಮದ್ದಲ್ಲ. ಜೋರು ಗೊರಕೆ, ಮಧ್ಯೆ ಉಸಿರು ಕಟ್ಟಿದಂತಾಗುವುದು, ಹಗಲೆಲ್ಲ ತೂಕಡಿಕೆ ಇದ್ದರೆ ಸ್ಲೀಪ್ ಆಪ್ನಿಯಾ ಪರೀಕ್ಷೆ ಮಾಡಿಸಿ. ಮಲಗಿದೊಡನೆ ಕಾಲು ಸೆಳೆದು ಆಡಿಸಲೇಬೇಕೆನಿಸಿದರೆ ರಕ್ತದ ಫೆರಿಟಿನ್ (ದೇಹದಲ್ಲಿನ ಕಬ್ಬಿಣದ ದಾಸ್ತಾನು ತೋರಿಸುವ ಅಂಶ) ನೋಡಿಸಿ. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಕೆಟ್ಟಿದ್ದರೆ ಅದಕ್ಕೆ ಮೊದಲ ಚಿಕಿತ್ಸೆ ಸಿಬಿಟಿ-ಐ ಎಂಬ ಮಾತಿನ ಮತ್ತು ಅಭ್ಯಾಸದ ಚಿಕಿತ್ಸೆ, ಮನೋವೈದ್ಯರನ್ನು ಅಥವಾ ಮನಶ್ಶಾಸ್ತ್ರಜ್ಞರನ್ನು ಅದನ್ನೇ ಹೆಸರಿಟ್ಟು ಕೇಳಿ. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.